ಹದಡಿ ರೋಡಿನ ಮೇಸ್ತ್ರಿ ತೀರಿಕೊಂಡರು: ಅವರ ಕೈಕೆಲಸ ಬರೆದಿಡೋಣ, ಗೊತ್ತಿದ್ದೋರು ಹೇಳ್ರಿ

ಹದಡಿ ರೋಡ್ ವಾಸಿ
ದಾವಣಗೆರೆ ಹದಡಿ ರೋಡಿನಲ್ಲಿ ಬೇವಿನ ಮರದ ಕೆಳಗೆ ಗ್ಯಾರೇಜು ಇಟ್ಟಿದ್ದ ನಮ್ಮ ಮೇಸ್ತ್ರಿ ಹೋದ ಸೋಮವಾರ ತೀರಿಕೊಂಡರು. ಹೆಸರು ಹಾಕೋದು ಬೇಡ ಅಂತ ಮನೆಯವರು ಹೇಳಿದ್ದಾರೆ. ಗೊತ್ತಿದ್ದೋರಿಗೆ ಇಷ್ಟು ಸಾಕು. ಊರಿಗೆಲ್ಲ ನಗು ಹಂಚಿದ ಮನುಷ್ಯ. ಗಾಡಿ ಕೆಟ್ಟು ಸಿಟ್ಟಿನಲ್ಲಿ ಬಂದೋರೂ ಹೋಗುವಾಗ ನಗ್ತಾ ಹೋಗ್ತಿದ್ರು.

ಫೋಟೊ, ಹಾರ, ಊಟ ಎಲ್ಲ ಮನೆಯವರು ನೋಡ್ಕೊಳ್ತಾರೆ. ನಾವು ಮಾಡಬೇಕಾದ್ದು ಬೇರೆ. ಗ್ಯಾರೇಜು ಇನ್ನು ಇಬ್ಬರು ಹುಡುಗ್ರು ನಡೆಸ್ತಾರೆ. ಇಬ್ಬರೂ ಸ್ಪ್ಲೆಂಡರ್, ಆಕ್ಟಿವಾ ಮೇಲೆ ಕೈ ಪಳಗಿದೋರು. ಯೆಜ್ಡಿ, ಚೇತಕ್ ಸ್ಕೂಟರ್, ಯಮಹಾ ಆರ್‌ಎಕ್ಸ್, ಹಳೇ ಬುಲೆಟ್ ಮೇಸ್ತ್ರಿಯೇ ಮುಟ್ಟುತ್ತಿದ್ದರು. ಆ ಕೆಲಸಗಳನ್ನ ಅವರು ಹೇಗೆ ಮಾಡ್ತಿದ್ರು ಅನ್ನೋದನ್ನ ಇಲ್ಲಿ ಕೂಡಿಸಿ, ಪ್ರಿಂಟ್ ತೆಗೆಸಿ ಗ್ಯಾರೇಜಿನ ಗೋಡೆಗೆ ಹಾಕೋಣ ಅಂತ ಇದೀವಿ. ಹೊಗಳಿಕೆ ಬೇಡ. ಅಳತೆ, ಹಂತ, ಎಲ್ಲಿ ತಪ್ಪುತ್ತೆ, ಯಾಕೆ ತಪ್ಪುತ್ತೆ, ಅಷ್ಟು ಬರೀರಿ. ಉದ್ರಿ ಬಾಕಿ ಇರೋರು ಏನು ಮಾಡಬೇಕು ಅಂತಲೂ ಕೆಲವರು ಕೇಳ್ತಿದಾರೆ, ಅದನ್ನೂ ಇಲ್ಲೇ ಮಾತಾಡೋಣ.

ಮಂಡಕ್ಕಿ ಮೆಣಸಿನಕಾಯಿ
ಅಯ್ಯೋ ದೇವ್ರೇ. ಹದಡಿ ರೋಡಿಗೆ ಕಳೆ ತಂದಿದ್ದೇ ಅವರು.

ಯೆಜ್ಡಿ ಪ್ರೇಮಿ
ಶುರು ಮಾಡ್ತೀನಿ. ಯೆಜ್ಡಿ ಪಾಯಿಂಟ್ ಸೆಟ್ಟಿಂಗ್, ಮೇಸ್ತ್ರಿ ಮಾಡ್ತಿದ್ದ ಕ್ರಮದಲ್ಲೇ:

ಪಾಯಿಂಟ್ ಅಂದ್ರೆ ಪ್ಲಗ್ಗಿಗೆ ಕಿಡಿ ಕೊಡೋಕೆ ಕರೆಂಟು ಕೂಡಿಸಿ ಬಿಡಿಸೋ ಎರಡು ಸಣ್ಣ ಲೋಹದ ತುಂಡು. ಮೊದಲು ಅವುಗಳ ಮುಖ ನೋಡೋರು. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ರೆ ಸಣ್ಣ ಅರದಲ್ಲಿ ಸಮ ಮಾಡಿ, ಪೆಟ್ರೋಲಲ್ಲಿ ಅದ್ದಿದ ದಪ್ಪ ಕಾಗದವನ್ನ ನಡುವೆ ಎಳೆದು ಪುಡಿ ತೆಗೆಯೋರು. ಆ ಪುಡಿ ಉಳಿದ್ರೆ ಎಲ್ಲ ಸರಿ ಮಾಡಿದ್ರೂ ಗಾಡಿ ಮಿಸ್ ಹೊಡೆಯುತ್ತೆ. ಆಮೇಲೆ ಕ್ಯಾಮ್ ಪಾಯಿಂಟನ್ನ ಪೂರ್ತಿ ಎತ್ತಿರುವಾಗ ಫಿಲ್ಲರ್ ಗೇಜಲ್ಲಿ (ಅಳತೆಯ ತೆಳು ಬ್ಲೇಡುಗಳ ಕಟ್ಟು) ನಡುವಿನ ಗ್ಯಾಪ್ 0.4 ಮಿ.ಮೀ. ಬ್ಲೇಡು ಬಿಗಿನೂ ಅಲ್ಲ, ಸಡಿಲನೂ ಅಲ್ಲ, ಸ್ವಲ್ಪ ಹಿಡಿದು ಜಾರಬೇಕು. ಗ್ಯಾಪ್ ಮುಗಿದ ಮೇಲೇನೇ ಟೈಮಿಂಗ್, ಅಂದ್ರೆ ಕಿಡಿ ಹಾರೋ ಕ್ಷಣ ಹೊಂದಿಸೋದು. ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ, ಅದಕ್ಕೇ ಉಲ್ಟಾ ಮಾಡಬಾರದು.

ಪ್ಲಗ್ ತೂತಿನಿಂದ ವರ್ನಿಯರ್‌ನ ಆಳ ಅಳೆಯೋ ಕಡ್ಡಿ ಇಳಿಸಿ, ಪಿಸ್ಟನ್ ಪೂರ್ತಿ ಮೇಲೆ ಬರೋ ಜಾಗ ಹಿಡಿಯೋರು. ಅಲ್ಲಿಂದ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತರ್ತಾ ಮೇಲಿನ ತುದಿಗೆ ಸುಮಾರು 3 ಮಿ.ಮೀ. ಇರುವಾಗ ಪಾಯಿಂಟ್ ಬಿಡಬೇಕು. ಬಿಡೋ ಕ್ಷಣ ಗೊತ್ತಾಗೋಕೆ ಪಾಯಿಂಟ್ ವೈರಿಗೂ ಬಾಡಿಗೂ ನಡುವೆ ಒಂದು ಬಲ್ಬು. ಚಾವಿ ಆನ್ ಇಟ್ಟಿರಬೇಕು. ಪಾಯಿಂಟ್ ಬಿಟ್ಟ ತಕ್ಷಣ ಬಲ್ಬು ಹತ್ತುತ್ತೆ.

ಕೆಎ-17
ಬಲ್ಬು ಎಲ್ಲಿಂದ ಬಂತ್ರಿ? ಮೇಸ್ತ್ರಿ ಸಿಗರೇಟ್ ಪ್ಯಾಕಿನ ತೆಳು ಕಾಗದ ಇಟ್ಟು ನೋಡ್ತಿದ್ರು. ಫಿಲ್ಲರ್ ಗೇಜು ಅವರ ಕೈಯಲ್ಲಿ ಕಂಡೋರು ಯಾರಿದಾರೆ?

ಯೆಜ್ಡಿ ಪ್ರೇಮಿ
ಕಾಗದ ಇಡೋದು ಗ್ಯಾಪಿಗಲ್ಲ, ಟೈಮಿಂಗಿಗೆ. ಪಾಯಿಂಟ್ ನಡುವೆ ಕಾಗದ ಸಿಗಿಸಿ ಮೆಲ್ಲಗೆ ಎಳೀತಾ ಇಂಜಿನ್ ತಿರುಗಿಸಿದ್ರೆ ಪಾಯಿಂಟ್ ಬಿಡೋ ಕ್ಷಣಕ್ಕೆ ಕಾಗದ ಕೈಗೆ ಬರುತ್ತೆ. ಬ್ಯಾಟರಿ ಸತ್ತ ಗಾಡಿಗೆ ಬಲ್ಬು ಹತ್ತಲ್ಲವಲ್ಲ, ಅವತ್ತು ಕಾಗದ. ಎರಡೂ ಅವರದ್ದೇ ಪದ್ಧತಿ. ಗ್ಯಾಪಿಗೆ ಮಾತ್ರ ಫಿಲ್ಲರ್ ಬಿಟ್ಟು ಬೇರೆ ಏನೂ ಮುಟ್ಟಿದೋರಲ್ಲ.

ಐಟಿಐ ಹುಡುಗ
ಪಾಯಿಂಟ್ ಹೊಸದು ಹಾಕಿದ್ರೂ ಬೇಗ ಸುಟ್ಟು ಹೋಗ್ತಿದ್ರೆ?

ಯೆಜ್ಡಿ ಪ್ರೇಮಿ
ಕಂಡೆನ್ಸರ್. ಗಾಡಿ ಚಾಲೂ ಇರುವಾಗ ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರ್ತಿದ್ರೆ, ಪ್ಲಗ್ಗಿನಲ್ಲಿ ಕಿಡಿ ಹಳದಿಯಾಗಿ ಸಪ್ಪಗಿದ್ರೆ ಪಾಯಿಂಟ್ ಬೈಯಬೇಡ, ಕಂಡೆನ್ಸರ್ ಬದಲಿಸು.

ಚೇತಕ್ ಸವಾರ
ಚೇತಕ್ ಬಗ್ಗೆ ನಂದು. ಗೋಡೆಗೆ ಹಾಕುವಾಗ ಇದನ್ನ ಎಲ್ಲಕ್ಕಿಂತ ಮೇಲೆ, ಕೆಂಪು ಅಕ್ಷರದಲ್ಲಿ ಹಾಕ್ರಿ: ಚೇತಕ್ ರಿಮ್ಮು ಎರಡು ಹೋಳು. ವೀಲ್ ಬಿಚ್ಚೋ ನಟ್ ಬೇರೆ, ಹೋಳು ಸೇರಿಸೋ ನಟ್ ಬೇರೆ. ವಾಲ್ವ್ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡದೆ ಹೋಳಿನ ನಟ್ ಸಡಿಲ ಮಾಡಿದ್ರೆ ರಿಮ್ಮು ಮುಖಕ್ಕೆ ಸಿಡಿಯುತ್ತೆ. ಹೊಸ ಹುಡುಗ ಸೇರಿದ್ರೆ ಮೇಸ್ತ್ರಿ ಕಲಿಸ್ತಿದ್ದ ಮೊದಲ ಪಾಠ ಇದು. ಬೇರೆ ಏನಕ್ಕೂ ಬೈಯದ ಮನುಷ್ಯ ಇದಕ್ಕೆ ಮಾತ್ರ ಕೂಗಾಡೋರು.

ಎರಡನೇದು, ಸ್ಕೂಟರ್ ಬಗ್ಗಿಸಿ ಕಿಕ್ ಹೊಡೆಯೋದು. ಇದು ಅವರಿಗೆ ಹಿಡಿಸ್ತಿರಲಿಲ್ಲ.

ಮೆಕ್ಕೆಜೋಳ
ಬಗ್ಗಿಸಿದ್ರೆ ಚಾಲೂ ಆಗುತ್ತಲ್ರಿ, ತಪ್ಪೇನು? ಇಡೀ ಕರ್ನಾಟಕ ಹಂಗೇ ಮಾಡಿತ್ತು.

ಚೇತಕ್ ಸವಾರ
ಆಗುತ್ತೆ. ಬಗ್ಗಿಸಿದಾಗ ಕಾರ್ಬೊರೇಟರಿನ ತೊಟ್ಟಿಯಿಂದ ಪೆಟ್ರೋಲ್ ಉಕ್ಕಿ ಒಳಗೆ ಹೋಗುತ್ತೆ, ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತೆ, ಹತ್ತಿಕೊಳ್ಳುತ್ತೆ. ಅದು ಚೋಕ್ ಮಾಡಬೇಕಾದ ಕೆಲಸ. ದಿನಾ ಬಗ್ಗಿಸಬೇಕಾಗಿದೆ ಅಂದ್ರೆ ಚೋಕ್ ಕೇಬಲ್ ಪೂರ್ತಿ ಎಳೀತಿಲ್ಲ, ಇಲ್ಲ ಸ್ಲೋ ಜೆಟ್ಟು (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತಿನ ತುಂಡು) ಕಟ್ಟಿದೆ, ಇಲ್ಲ ಕಿಡಿ ಸಪ್ಪಗಿದೆ. ಮೇಸ್ತ್ರಿ ಈ ಮೂರನ್ನೂ ಇದೇ ಸಾಲಿನಲ್ಲಿ ನೋಡೋರು. ಪ್ಲಗ್ ಗ್ಯಾಪ್ 0.6 ಮಿ.ಮೀ. ಹೆಚ್ಚು ಬಗ್ಗಿಸಿದ್ರೆ ಪ್ಲಗ್ ನೆನೆದು ಕಿಕ್ ಹೊಡೆದೂ ಹೊಡೆದೂ ಕಾಲು ನೋಯುತ್ತೆ, ಅಷ್ಟೇ ಲಾಭ.

ಕೆಎ-17
ಜೆಟ್ಟು ಕಟ್ಟಿದ್ರೆ ಕ್ಲಚ್ ವೈರಿನ ಒಂದು ಎಳೆ ಚುಚ್ಚಿದ್ರೆ ಮುಗೀತು.

ಹರಿಹರದ ಲೇತು
ಖಂಡಿತ ಬೇಡ. ಜೆಟ್ಟು ಹಿತ್ತಾಳೆ, ವೈರು ಉಕ್ಕು. ಚುಚ್ಚಿ ಚುಚ್ಚಿ ತೂತು ದೊಡ್ಡದಾಗುತ್ತೆ, ಆಮೇಲೆ ಪೆಟ್ರೋಲ್ ಜಾಸ್ತಿ ಕುಡೀತದೆ, ಪ್ಲಗ್ ಕಪ್ಪಾಗ್ತದೆ, ಕಾರಣ ಹುಡುಕ್ತಾ ಕೂರ್ತೀರಿ. ಜೆಟ್ಟು ಬಿಚ್ಚಿ ಪೆಟ್ರೋಲಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುತ್ತಾ ನೋಡಬೇಕು. ಹೋಗದಿದ್ರೆ ಬ್ರಷ್ಷಿನ ಒಂದು ನೈಲಾನ್ ಎಳೆ. ಮೇಸ್ತ್ರಿ ಟೇಬಲ್ ಮೇಲೆ ಹಳೇ ಹಲ್ಲುಜ್ಜೋ ಬ್ರಷ್ಷು ಯಾಕಿತ್ತು ಅನ್ಕೊಂಡಿದ್ರಿ?

ಬೆಣ್ಣೆ ದೋಸೆ
ಅವರು ಗಾಡಿ ಶಬ್ದ ಕೇಳಿ ರೋಗ ಹೇಳೋ ಆಟ ಆಡಿಸ್ತಿದ್ರಲ್ಲ, ಅದನ್ನೂ ಬರೀರಿ. ಸಂಜೆ ಗಾಡಿ ಬಂದು ನಿಂತ್ರೆ ಸುತ್ತ ಕೂತೋರೆಲ್ಲ ಒಂದೊಂದು ರೋಗ ಹೇಳಬೇಕು. ಬಿಚ್ಚಿ ನೋಡಿದ ಮೇಲೆ ತಪ್ಪು ಹೇಳಿದೋರು ಮಂಡಕ್ಕಿ, ಮೆಣಸಿನಕಾಯಿ ತರಿಸಬೇಕು. ಮೇಸ್ತ್ರಿ ಕಣ್ಣು ಮುಚ್ಚಿ ಕೊನೆಗೆ ಹೇಳೋರು. ಗಿರಾಕಿನೂ ಆಟಕ್ಕೆ ಸೇರ್ತಿದ್ದ, ತನ್ನ ಗಾಡಿಯದ್ದೇ ರೋಗಕ್ಕೆ!

ಐಟಿಐ ಹುಡುಗ
ಕಣ್ಣು ಮುಚ್ಚಿ ಹೇಗೆ ಗೊತ್ತಾಗ್ತಿತ್ತು? ಅದೇ ಬೇಕಿರೋದು ನಮಗೆ.

ಹರಿಹರದ ಲೇತು
ಟೂ ಸ್ಟ್ರೋಕಿನ ಆಯಿಲ್ ಸೀಲ್ (ಗಾಳಿ, ಎಣ್ಣೆ ತಡೆಯೋ ರಬ್ಬರ್ ಉಂಗುರ) ತಗೋ. ಆ ಆಟದಲ್ಲಿ ಹೆಚ್ಚು ಜನ ಸೋಲ್ತಿದ್ದುದು ಇದಕ್ಕೇ. ಕ್ರ್ಯಾಂಕಿಗೆ ಎರಡು ಕಡೆ ಸೀಲ್ ಇರ್ತದೆ. ಮ್ಯಾಗ್ನೆಟ್ ಕಡೆಯದು ಹೋದ್ರೆ ಹೊರಗಿನ ಗಾಳಿ ಒಳಗೆ ಎಳೀತದೆ. ಎಕ್ಸಲೇಟರ್ ಬಿಟ್ಟರೂ ಇಂಜಿನ್ ಅರಚ್ತಾನೇ ಇರ್ತದೆ, ತಡವಾಗಿ ಇಳೀತದೆ, ಬಿಸಿ ಜಾಸ್ತಿ, ಪ್ಲಗ್ ಬೆಳ್ಳಗೆ. ಜನ ಕೇಬಲ್ ಸಿಕ್ಕಿಕೊಂಡಿದೆ ಅಂತಾರೆ, ಸ್ಲೋ ಸ್ಕ್ರೂ ತಿರುಗಿಸ್ತಾರೆ. ಹಂಗೇ ಓಡಿಸಿದ್ರೆ ಪಿಸ್ಟನ್ ಸೀಜ್.

ಕ್ಲಚ್ ಕಡೆಯದು ಹೋದ್ರೆ ಗೇರ್ ಆಯಿಲ್ ಒಳಗೆ ಎಳೀತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲಲ್ಲ, ಪ್ಲಗ್ ಎಣ್ಣೆ ಎಣ್ಣೆ, ಗೇರ್ ಆಯಿಲ್ ಇಳೀತಾ ಹೋಗ್ತದೆ. ಜನ ಇದಕ್ಕೆ ಬೋರ್ ಹೋಗಿದೆ ಅಂತ ಹಾಫ್ ಇಂಜಿನ್ (ಬ್ಲಾಕ್ ಅಂದ್ರೆ ಸಿಲಿಂಡರಿಗೆ ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕೋದು) ಮಾಡಿಸಿ ದುಡ್ಡು ಕಳೀತಾರೆ. ಮೇಸ್ತ್ರಿ ಮೊದಲು ಗೇರ್ ಆಯಿಲ್ ಮಟ್ಟ ನೋಡೋರು, ಆಮೇಲೆ ಮಾತು. ಶಬ್ದ, ಹೊಗೆ, ವಾಸನೆ ಮೂರನ್ನೂ ಸೇರಿಸಿ ಹೇಳ್ತಿದ್ದುದು. ಬರೀ ಕಿವಿಯಲ್ಲ.

ಮೆಕ್ಕೆಜೋಳ
ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಲ್ಲಿ ಬೆರೆಸೋ ಎಣ್ಣೆ) ಲೆಕ್ಕ ಹೇಳ್ರಿ. ಜಾಸ್ತಿ ಹಾಕಿದ್ರೆ ಇಂಜಿನ್‌ಗೆ ಒಳ್ಳೇದೇ ಅಲ್ವಾ.

ಯೆಜ್ಡಿ ಪ್ರೇಮಿ
ಯೆಜ್ಡಿಗೆ ಲೀಟರಿಗೆ 40 ಮಿ.ಲೀ., ಚೇತಕ್‌ಗೆ 20 ಮಿ.ಲೀ. ಜಾಸ್ತಿ ಹಾಕೋದು ಒಳ್ಳೇದಲ್ಲ. ಎಣ್ಣೆ ಹೆಚ್ಚಾದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಡಿಮೆಯಾಗುತ್ತೆ, ಪ್ಲಗ್ ಶಾರ್ಟ್ ಆಗುತ್ತೆ, ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿ ಪಿಕಪ್ ಸಾಯುತ್ತೆ. ಮೊದಲು ಟ್ಯಾಂಕಿಗೆ ಎಣ್ಣೆ, ಮೇಲೆ ಪೆಟ್ರೋಲ್ ಬಿದ್ರೆ ಚೆನ್ನಾಗಿ ಕಲೆಯುತ್ತೆ. ಕೊನೆಗೆ ಎಣ್ಣೆ ಸುರಿದು ಹಂಗೇ ಹೊರಟ್ರೆ ಅದು ತಳಕ್ಕಿಳಿದು ಕಾಕ್ (ಪೆಟ್ರೋಲ್ ನಲ್ಲಿ) ಹತ್ರ ಕೂರುತ್ತೆ.

ಆರ್‌ಎಕ್ಸ್ ಪಡ್ಡೆ
ಆರ್‌ಎಕ್ಸ್‌ಗೆ ಬೆರೆಸೋದೇ ಬೇಡ, ಅದಕ್ಕೆ ಬೇರೆ ಆಯಿಲ್ ಟ್ಯಾಂಕು, ಪಂಪು ಇದೆ. ಸುಮಾರು ಜನ ಪಂಪು ಕಿತ್ತು ಬಿಸಾಕಿ ಬೆರೆಸಿ ಓಡಿಸ್ತಾರೆ. ಮೇಸ್ತ್ರಿ ಹಂಗೆ ಕಿತ್ತ ಗಾಡಿ ಬಂದ್ರೆ ಹಳೇ ಪಂಪು ಹುಡುಕಿ ತಂದು ಹಾಕೋರು. ಎಕ್ಸಲೇಟರ್ ಎಷ್ಟು ತಿರುಗಿಸ್ತೀವೋ ಅದಕ್ಕೆ ತಕ್ಕಷ್ಟು ಎಣ್ಣೆ ಕೊಡೋದು ಪಂಪಿಗೆ ಮಾತ್ರ ಸಾಧ್ಯ. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ, ಬಿಡಿಭಾಗ ಹುಡುಕೋದು ಕಷ್ಟ, ಆದ್ರೂ ಹುಡುಕೋರು.

ಬುಲೆಟ್ 350
ಹಳೇ ಎರಕದ ಇಂಜಿನ್ ಬುಲೆಟ್ಟಿಗೆ ಟ್ಯಾಪೆಟ್ (ವಾಲ್ವ್ ಗ್ಯಾಪ್) ಸೆಟ್ಟಿಂಗ್: ಇಂಜಿನ್ ಪೂರ್ತಿ ತಣ್ಣಗಿರಬೇಕು. ಕಂಪ್ರೆಶನ್ನಿನಲ್ಲಿ ಪಿಸ್ಟನ್ ಮೇಲಿನ ತುದಿಗೆ. ಪುಶ್ ರಾಡು ಎರಡು ಬೆರಳಲ್ಲಿ ಸರಾಗ ತಿರುಗಬೇಕು, ಆದ್ರೆ ಮೇಲೆ ಕೆಳಗೆ ಆಟ ಇರಬಾರದು. ಅಂದ್ರೆ ಗ್ಯಾಪ್ ಸೊನ್ನೆ. ಲಾಕ್ ನಟ್ ಬಿಗಿ ಮಾಡುವಾಗ ಸೆಟ್ಟಿಂಗ್ ಓಡುತ್ತೆ, ಅದಕ್ಕೆ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಲೇಬೇಕು. ಬಿಗಿ ಇಟ್ಟರೆ ವಾಲ್ವ್ ಕೂರಲ್ಲ, ಸುಡುತ್ತೆ.

ಕಿಕ್ಕು ಕೂಡ ಅವರು ಹೇಳಿಕೊಡ್ತಿದ್ರು. ಆಂಪಿಯರ್ ಮೀಟರ್ ಮುಳ್ಳು ನಡುವಿಗೆ ಬರೋವರೆಗೆ ಕಿಕ್ಕರ್ ಒತ್ತಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡೋ ಲಿವರ್) ಹಿಡಿದು ಚೂರು ದಾಟಿಸಿ, ಬಿಟ್ಟು, ಕಿಕ್ಕರ್ ಮೇಲಕ್ಕೆ ಬಂದ ಮೇಲೆ ಒಂದೇ ಪೂರ್ತಿ ಕಿಕ್. ಅರ್ಧ ಕಿಕ್ ಹೊಡೆದ್ರೆ ಹಿಂದಕ್ಕೆ ಒದೆಯುತ್ತೆ.

ಬೆಣ್ಣೆ ದೋಸೆ
ಇಷ್ಟೆಲ್ಲ ಸರಿ, ಆ ಮೆಣಸಿನಕಾಯಿ ಎಲ್ಲಿಂದ ತರಿಸ್ತಿದ್ರು? ಪಿ.ಬಿ. ರೋಡ್ ಕಡೆಯದ್ದಾ, ಜಯದೇವ ಸರ್ಕಲ್ ಕಡೆಯದ್ದಾ?

ಮಂಡಕ್ಕಿ ಮೆಣಸಿನಕಾಯಿ
ಗ್ಯಾರೇಜ್ ಎದುರಿನ ತಳ್ಳುಗಾಡಿ. ಎಣ್ಣೆ ಹೊಸದಿದ್ದ ದಿನ ಮಾತ್ರ. ಹಳೇ ಎಣ್ಣೆಯ ವಾಸನೆ ರಸ್ತೆ ಈಚೆಯಿಂದಲೇ ಹಿಡಿಯೋರು.

ದುರ್ಗದ ಕಲ್ಲು
ಮೆಣಸಿನಕಾಯಿ ನಮ್ಮ ಚಿತ್ರದುರ್ಗದಲ್ಲೂ ಚೆನ್ನಾಗಿ ಸಿಗುತ್ತೆ.

ಬೆಣ್ಣೆ ದೋಸೆ
ಸಿಗುತ್ತೆ, ದಾವಣಗೆರೆಯಷ್ಟು ಅಲ್ಲ.

ಹದಡಿ ರೋಡ್ ವಾಸಿ
ದೋಸೆ ಅಣ್ಣ, ದುರ್ಗದ ಅಣ್ಣ, ವಿಷಯಕ್ಕೆ ಬರ್ರಿ. ಹಾಫ್ ಇಂಜಿನ್ ಯಾರೂ ಬರೆದಿಲ್ಲ ಇನ್ನೂ.

ಹರಿಹರದ ಲೇತು
ಬರೀತೀನಿ, ಉದ್ದ ಆಗ್ತದೆ.

ಮೇಸ್ತ್ರಿ ಬ್ಲಾಕ್ ಒಂದನ್ನೇ ಲೇತಿಗೆ ಕಳಿಸ್ತಿರಲಿಲ್ಲ. ಹೊಸ ಪಿಸ್ಟನ್ ಜೊತೆಗೇ ಕಳಿಸೋರು. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಹೊಡೀಬೇಕು. ಪೆಟ್ಟಿಗೆ ಮೇಲೆ ಬರೆದ ಸೈಜ್ ನಂಬಿ ಹೊಡೆದ್ರೆ ಒಂದು ಬಿಗಿ ಒಂದು ಸಡಿಲ. ಬೋರ್ ಆಗಿ ಬಂದ ಮೇಲೆ ಪೋರ್ಟುಗಳ (ಬ್ಲಾಕಿನ ಒಳಗೋಡೆಯ ಕಿಂಡಿಗಳ) ಅಂಚಿಗೆ ಬೆರಳು ಆಡಿಸೋರು. ಬೋರ್ ಹೊಡೆದ ಪೋರ್ಟಿನ ಅಂಚು ಬ್ಲೇಡಿನ ಹಾಗೆ ಇರ್ತದೆ, ಅದನ್ನ ಸಣ್ಣ ಅರ, ಎಮರಿ ಪೇಪರಲ್ಲಿ ಸವರಿ ಮೊಂಡು ಮಾಡಬೇಕು. ಬಿಟ್ಟರೆ ರಿಂಗು ಹಿಡಿದು ಮುರೀತದೆ. ಆಮೇಲೆ ಬ್ಲಾಕನ್ನ ಸೋಪು ಬಿಸಿನೀರಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದ್ರೆ ಬಟ್ಟೆ ಬಿಳಿಯಾಗೇ ಉಳೀಬೇಕು. ಪೆಟ್ರೋಲಲ್ಲಿ ಮಾತ್ರ ತೊಳೆದ್ರೆ ಬೋರಿನ ಗೀರಲ್ಲಿ ಕೂತ ಪುಡಿ ಹೋಗಲ್ಲ. ಒಣಗಿದ ಕೂಡ್ಲೇ ಎಣ್ಣೆ ಸವರಬೇಕು, ಇಲ್ಲಾಂದ್ರೆ ತುಕ್ಕು.

ರಿಂಗನ್ನ ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ನೇರ ಕೂರಿಸಿ, ಬಾಯಿ ಅಳೀಬೇಕು. 0.2ರಿಂದ 0.4 ಮಿ.ಮೀ. ಒಳಗೆ ಇದ್ರೆ ಸರಿ. ಬಿಗಿ ಇದ್ರೆ ಬಿಸಿಗೆ ತುದಿಗೆ ತುದಿ ಕೂಡಿ ಕಚ್ಚಿಕೊಳ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರೋ ತೋಡಿನಲ್ಲಿ ಸಣ್ಣ ಪಿನ್ನು ಇರ್ತದೆ, ರಿಂಗಿನ ಬಾಯಿ ಆ ಪಿನ್ನಿನ ಮೇಲೇ ಕೂರಬೇಕು. ಬಾಣದ ಗುರುತು ಸೈಲೆನ್ಸರ್ ಕಡೆಗೆ. ಸರ್ಕ್ಲಿಪ್ (ಪಿಸ್ಟನ್ ಪಿನ್ನು ಜಾರದಂತೆ ಹಿಡಿಯೋ ಉಂಗುರ) ಹಾಕುವಾಗ ಕ್ರ್ಯಾಂಕ್ ಬಾಯಿಗೆ ಬಟ್ಟೆ ತುರುಕಬೇಕು. ಜಾರಿ ಒಳಗೆ ಬಿದ್ರೆ ಇಂಜಿನ್ ಪೂರ್ತಿ ಇಳಿಸಬೇಕು. ತೆಗೆದ ಸರ್ಕ್ಲಿಪ್ ಮತ್ತೆ ಹಾಕ್ತಿರಲಿಲ್ಲ, ಯಾವತ್ತೂ ಹೊಸದು. ಹೆಡ್ ನಟ್ ಎದುರು ಬದುರು, ಎರಡು ಮೂರು ಸುತ್ತಿನಲ್ಲಿ ಬಿಗಿ.

ಇಷ್ಟಾದ ಮೇಲೆ ಗಿರಾಕಿಗೆ ಹೇಳ್ತಿದ್ದ ಮಾತು: ಮೊದಲ ಟ್ಯಾಂಕು ಮುಗಿಯೋವರೆಗೆ ಪೂರ್ತಿ ಎಕ್ಸಲೇಟರ್ ಬೇಡ, ಒಂದೇ ಸ್ಪೀಡಲ್ಲೂ ಹೋಗಬೇಡ, ಏರಿಸ್ತಾ ಇಳಿಸ್ತಾ ಹೋಗು. ಹಿಂದೆ ಇಬ್ಬರನ್ನ ಕೂರಿಸ್ಕೊಂಡು ಸೂಳೆಕೆರೆಗೆ ಹೊರಡಬೇಡ.

ಕೆಎ-17
ತಾವು ಮಾತ್ರ ಹೆಂಡ್ತಿ ಮಕ್ಕಳನ್ನ ಚೇತಕ್ಕಿನಲ್ಲಿ ತುಂಬ್ಕೊಂಡು ಸೂಳೆಕೆರೆಗೆ ಹೋಗೋರು! ಸಣ್ಣ ಮಗಳು ಮುಂದೆ ನಿಂತು ಹಾರನ್ ಒತ್ತೋದು.

ಚೇತಕ್ ಸವಾರ
ಅವರ ಚೇತಕ್ ರನ್ನಿಂಗ್-ಇನ್ (ಹೊಸ ಪಿಸ್ಟನ್ ಪಳಗಿಸೋ ಓಟ) ಮುಗಿಸಿದ ಗಾಡಿ ಕಣಪ್ಪ. ಡಿಕ್ಕಿಯಲ್ಲಿ ಕ್ಲಚ್ ಕೇಬಲ್ಲು, ಪ್ಲಗ್ಗು, ಪ್ಲಗ್ ಪಾನಾ ಯಾವಾಗಲೂ ಇರ್ತಿತ್ತು. ಕೇಬಲ್ ಹ್ಯಾಂಡಲ್ ಹತ್ರ ನಿಪ್ಪಲ್ಲಿನಲ್ಲೇ ಕಿತ್ತು ಬರೋದು, ಒಂದು ಎಳೆ ಹರಿದದ್ದು ಕಂಡಾಗಲೇ ಬದಲಿಸಬೇಕು ಅನ್ನೋರು.

ಜಗಳೂರು ಜಾಲಿ
ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳಿನ ಕಾಟ, ಪಂಕ್ಚರ್ ದಿನಾ. ಪ್ಯಾಚ್ ಹಾಕಿ ಕಳಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್ ಆದ್ರೆ ಪ್ಯಾಚಿನ ತಪ್ಪಲ್ಲ, ಮುಳ್ಳಿನ ತುದಿ ಟೈರಿನಲ್ಲೇ ಉಳಿದಿದೆ. ಬೆರಳಲ್ಲಿ ಹುಡುಕಿದ್ರೆ ಚುಚ್ಚುತ್ತೆ, ಸಿಗೋದೂ ಇಲ್ಲ. ಹತ್ತಿ ಬಟ್ಟೆ ಮುದ್ದೆ ಮಾಡಿ ಟೈರಿನ ಒಳಗೆ ಎರಡೂ ದಿಕ್ಕಿಗೆ ಎಳೀಬೇಕು, ಮುಳ್ಳಿರೋ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಸೊಲ್ಯೂಶನ್ ಹಚ್ಚಿದ ಕೂಡ್ಲೇ ಪ್ಯಾಚ್ ಒತ್ತಬಾರದು. ಹೊಳಪು ಹೋಗಿ ಕೈಗೆ ಅಂಟಂಟು ಆಗೋವರೆಗೆ ಬಿಡಬೇಕು.

ಮೆಕ್ಕೆಜೋಳ
ಭದ್ರಾ ನಾಲೆ ಕಡೆ ಗದ್ದೆಯವರ ಗಾಡಿಗೆ ಇನ್ನೊಂದು ಸೇರಿಸ್ರಿ. ಕೆಸರು ಬ್ರೇಕ್ ಡ್ರಮ್ಮಿಗೆ ಹೋಗಿ ಬ್ರೇಕ್ ಶೂ ಅಗಲಿಸೋ ಕ್ಯಾಮ್ ಹಿಡಿದುಕೊಳ್ಳುತ್ತೆ, ಬ್ರೇಕ್ ಒತ್ತಿದ್ರೆ ವಾಪಸ್ ಬರಲ್ಲ. ಕ್ಯಾಮ್ ತೆಗೆದು ಎಮರಿ ಹೊಡೆದು ತೆಳ್ಳಗೆ ಗ್ರೀಸು. ಜಾಸ್ತಿ ಹಚ್ಚಿದ್ರೆ ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತೆ, ಬ್ರೇಕೇ ಹಿಡಿಯಲ್ಲ. ಡ್ರಮ್ಮಿನ ಪುಡಿಯನ್ನ ಗಾಳಿ ಹೊಡೆದು ಹಾರಿಸೋಕೆ ಮೇಸ್ತ್ರಿ ಬಿಡ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸು ಅನ್ನೋರು. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಎದೆಗೆ ಕೆಟ್ಟದ್ದು.

ರಂಗದ ಹುಚ್ಚ
ದುಗ್ಗಮ್ಮನ ಜಾತ್ರೆಗೆ ನಾಟಕ ಕಂಪನಿ ಬಂದ್ರೆ ಮೇಸ್ತ್ರಿ ಮುಂದಿನ ಸಾಲು. ಹಾಸ್ಯ ಪಾತ್ರದ ಮಾತನ್ನ ಮರುದಿನ ಪಾನಾ ಹಿಡಿದುಕೊಂಡೇ ಅಭಿನಯಿಸಿ ತೋರಿಸೋರು. ಕಂಪನಿಯ ಡೀಸೆಲ್ ಜನರೇಟರ್ ನಿಂತ್ರೆ ಕರೆ ಬರ್ತಿದ್ದುದೂ ಅವರಿಗೇ. ಹೆಚ್ಚಿನ ಸಲ ಡೀಸೆಲ್ ಖಾಲಿಯಾಗಿ ಗಾಳಿ ಹಿಡಿದಿರೋದು. ಟ್ಯಾಂಕ್ ತುಂಬಿಸಿದ್ರೂ ಚಾಲೂ ಆಗಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತಿ, ಗುಳ್ಳೆ ಇಲ್ಲದೆ ಡೀಸೆಲ್ ಬಂದ ಮೇಲೆ ಬಿಗಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ ಹಂಗೇ. ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ, ಅದೇ ಸಾಲಿನಲ್ಲಿ. ದುಡ್ಡು ತಗೊಳ್ತಿರಲಿಲ್ಲ, ಮನೆಮಂದಿಗೆಲ್ಲ ಪಾಸು ಕೇಳೋರು.

ಆರ್‌ಎಕ್ಸ್ ಪಡ್ಡೆ
ಹೋಳಿ ದಿನ ರಾಂ ಅಂಡ್ ಕೋ ಸರ್ಕಲ್ಲಿಗೆ ಕುಣಿಯೋಕೆ ಹೋಗೋ ಮುಂಚೆ ಗ್ಯಾರೇಜಿನ ಮುಂದಿರೋ ಗಾಡಿಗಳ ಏರ್ ಫಿಲ್ಟರ್ ಬಾಯಿ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಹೋಗೋರು, ಬಣ್ಣದ ನೀರು ಹೋಗದಿರಲಿ ಅಂತ. ಕಟ್ಟಿದ್ದನ್ನ ಹ್ಯಾಂಡಲಿಗೂ ಒಂದು ದಾರ ಹಾಕಿ ಗುರುತು ಇಡೋರು, ಬಿಚ್ಚೋದು ಮರೆಯದಿರಲಿ ಅಂತ.

ಮೇಸ್ತ್ರಿ ಹಿರಿಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಜನರೇಟರ್ ಪಾಸಿನ ವಿಷಯಕ್ಕೆ ನಕ್ಕರು.

ಉದ್ರಿ ಬಗ್ಗೆ: ಪುಸ್ತಕ ಅಮ್ಮನ ಹತ್ರ ಇದೆ. ಅದರಲ್ಲಿ ಹೆಸರಿಲ್ಲ, ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ಕೆಲಸ, ಮೊತ್ತ ಅಷ್ಟೇ. ಅಪ್ಪ ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳ್ತಿದ್ರು, ಅಮ್ಮ ರೊಟ್ಟಿ ಬಡಿಸಿ ಬರ್ಕೊಳ್ತಿದ್ರು. ಕೊಡೋರು ನಂಬರ್ ಹೇಳಿದ್ರೆ ಸಾಕು. ಈ ವರ್ಷ ಬೆಳೆ ಕೈಕೊಟ್ಟೋರು ಅವಸರ ಮಾಡಬೇಡಿ, ಅಮ್ಮನೇ ಹೇಳಿದ್ದು. ಬಿಡಿಭಾಗದ ಅಂಗಡಿಗೆ ನಾವು ಕೊಡಬೇಕಾದ್ದು ಬೇರೆ ಹಾಳೆಯಲ್ಲಿದೆ, ಅದನ್ನ ಮೊದಲು ತೀರಿಸ್ತೀವಿ.

ಪಾನಾ, ಪುಲ್ಲರ್ ಯಾವುದನ್ನೂ ಮಾರಲ್ಲ. ಯೆಜ್ಡಿ ಡೈನಮೊ, ಆರ್‌ಎಕ್ಸ್, ಚೇತಕ್ ಮ್ಯಾಗ್ನೆಟ್ ಎಳೆದು ಬಿಚ್ಚೋ ಪುಲ್ಲರ್ ಮೂರಕ್ಕೂ ಬಣ್ಣ ಹಚ್ಚಿ ಬೇರೆ ಬೇರೆ ಮೊಳೆಗೆ ನೇತು ಹಾಕಿದೀನಿ. ಒಂದರ ಬದಲು ಇನ್ನೊಂದು ಹಾಕಿ ಬಲವಂತ ಮಾಡಿದ್ರೆ ಮ್ಯಾಗ್ನೆಟ್ಟಿನ ಮರೆ (ಸ್ಕ್ರೂ ಸುತ್ತು) ಹೋಗುತ್ತೆ. ಆಯುಧಪೂಜೆಗೆ ಅಪ್ಪ ಮಾಡ್ತಿದ್ದ ಹಾಗೇ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡ್ತೀವಿ. ಫಿಲ್ಲರ್ ಗೇಜಿಗೆ ಮಾತ್ರ ಕುಂಕುಮ ಹಚ್ಚೋದಿಲ್ಲ, ಬ್ಲೇಡಿಗೆ ಅಂಟಿದ್ರೆ ಅಳತೆ ತಪ್ಪುತ್ತೆ ಅಂತ ಅಪ್ಪ ಪೆಟ್ಟಿಗೆಗೆ ಹಚ್ಚೋರು.

ಇನ್ನೊಂದು ಸೇರಿಸಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನೀರು ಎಳೆದುಕೊಳ್ಳುತ್ತೆ. ಹಳೇ ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಿದ್ರೆ ಕಾಕ್ ಮುಚ್ಚಿ ಕಾರ್ಬೊರೇಟರ್ ತೊಟ್ಟಿ ಖಾಲಿ ಮಾಡಬೇಕು. ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಿದ್ರೆ ಬದಲಿಸಬೇಕು. ಕೊನೇ ವರ್ಷದಲ್ಲಿ ಅಪ್ಪನ ಹತ್ರ ಬಂದ ಹಳೇ ಗಾಡಿಗಳಲ್ಲಿ ಹೆಚ್ಚಿನವು ಇದಕ್ಕೇ ಬಂದವು.

ಹದಡಿ ರೋಡ್ ವಾಸಿ
ಥ್ಯಾಂಕ್ಸ್ ಅಕ್ಕ. ಲ್ಯಾಮಿನೇಶನ್ ಬದಲು ದಪ್ಪ ಫ್ಲೆಕ್ಸ್ ಹಾಳೆ ಮಾಡಿಸೋಣ ಅಂತಿದೀವಿ, ಎಣ್ಣೆ ಕೈ ತಾಗಿದ್ರೂ ಒರೆಸಬಹುದು. ರಿಮ್ ನಟ್ ಎಚ್ಚರಿಕೆ ಮೇಲೆ, ಕೆಂಪಲ್ಲಿ. ಆಮೇಲೆ ಪಾಯಿಂಟ್, ಎಣ್ಣೆ ಲೆಕ್ಕ, ಸೀಲ್, ಹಾಫ್ ಇಂಜಿನ್, ಬುಲೆಟ್ ಟ್ಯಾಪೆಟ್. ಬಿಟ್ಟಿದ್ದೇನಾದ್ರೂ ಇದ್ರೆ ಶನಿವಾರದೊಳಗೆ ಹೇಳಿ.

ಐಟಿಐ ಹುಡುಗ
ಆರ್‌ಎಕ್ಸ್ ಆಯಿಲ್ ಪಂಪು ಬಿಚ್ಚಿ ಹಾಕಿದ ಮೇಲೆ ಗಾಳಿ ತೆಗೆಯೋದು ಯಾರೂ ಬರೆದಿಲ್ಲ.

ಆರ್‌ಎಕ್ಸ್ ಪಡ್ಡೆ
ಟ್ಯಾಂಕಲ್ಲಿ ಆಯಿಲ್ ತುಂಬು. ಪಂಪಿನ ಮೇಲಿರೋ ಬ್ಲೀಡ್ ಸ್ಕ್ರೂ ಬಿಚ್ಚು, ಕೆಳಗೆ ಬಟ್ಟೆ ಇಡು. ಗುಳ್ಳೆ ಪೂರ್ತಿ ನಿಂತು ಬರೀ ಎಣ್ಣೆ ಹರಿಯೋವರೆಗೆ ಬಿಡು, ಆಮೇಲೆ ವಾಶರ್ ಸಮೇತ ಬಿಗಿ ಮಾಡು. ಪಂಪಿನಿಂದ ಇಂಜಿನ್‌ಗೆ ಹೋಗೋ ಸಣ್ಣ ಪೈಪಿನಲ್ಲಿ ಇನ್ನೂ ಗಾಳಿ ಇರುತ್ತೆ, ಅದಕ್ಕೆ ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 20 ಮಿ.ಲೀ. ಟೂಟಿ ಪೆಟ್ರೋಲಲ್ಲೂ ಬೆರೆಸು. ಕೇಬಲ್ ಹಾಕಿದ ಮೇಲೆ ಪಂಪಿನ ಗುರುತು ನೋಡೋದು ಮರೀಬೇಡ. ಮುಂದಿನ ಸಲ ಬೆರೆಸೋದು ನಿಲ್ಲಿಸು.